ಚೀಟಿಗೆ ಬಂದ ಉತ್ತರ

ಅರವತ್ತರ ದಶಕದ ಕೊನೆಯಲ್ಲಿ ನಾನು ಹೊಸನಗರದ ಹೈಸ್ಕೂಲಿನಲ್ಲಿ ಗಣಿತದ ಮೇಷ್ಟ್ರಾಗಿದ್ದೆ. ಬೇಸಿಗೆಯ ತರಬೇತಿಗೆ ಹೋದಾಗ ಕಂಪ್ಯೂಟರ್ ಭಾಷೆಯೊಂದರ ಟಿಪ್ಪಣಿ ಸಿಕ್ಕಿತ್ತು. ಕಂಪ್ಯೂಟರನ್ನು ಕಣ್ಣಾರೆ ಕಂಡಿರಲಿಲ್ಲ. ಹಾಗಾಗಿ ಸಾಗರದಿಂದ ಬಸ್ಸಿನಲ್ಲಿ ಬರುತ್ತಿದ್ದ ವಿಜ್ಞಾನದ ಟೀಚರೂ ನಾನೂ ಶನಿವಾರ ಮಧ್ಯಾಹ್ನ ಅದನ್ನು ಆಟವಾಗಿ ಆಡುತ್ತಿದ್ದೆವು. ಅವರು ಲ್ಯಾಬಿನ ಬಾಗಿಲು ಮುಚ್ಚಿಕೊಂಡು ಯಂತ್ರವಾಗಿ ಕೂರುವುದು, ನಾನು ಬಾಗಿಲಡಿ ಚೀಟಿ ತೂರಿಸುವುದು, ಅವರು ಉತ್ತರ ಬರೆದು ಹೊರಗೆ ತಳ್ಳುವುದು.

ನಿಯಮ ಎರಡೇ. ‘ಹೀಗಾದರೆ’, ‘ಇಲ್ಲದಿದ್ದರೆ’ ಎಂದು ಯಾವ ದಾರಿ ಹಿಡಿದರೂ ಒಂದು ಬೆಲೆ, ಅಂದರೆ ಉತ್ತರ, ಹೊರಗೆ ಬರಲೇಬೇಕು. ಒಂದು ಚೀಟಿಯೊಳಗೆ ಸಂಖ್ಯೆಗೆ ಇಟ್ಟ ಹೆಸರು ಆ ಚೀಟಿ ಮುಗಿದ ಮೇಲೆ ಉಳಿಯಬಾರದು.

ಅವತ್ತು ಶನಿವಾರ ಶಾಲೆಗೆ ರಜೆ; ಆಟಕ್ಕೆಂದೇ ಬಂದಾಗ ಲ್ಯಾಬಿನ ಬಾಗಿಲು ಮುಚ್ಚಿತ್ತು. ಅವರು ಬಂದಿದ್ದಾರೆಂದುಕೊಂಡು ಬರೆದೆ: ‘ಕ ಎಂದರೆ ಏಳು. ಕ ಐದಕ್ಕಿಂತ ದೊಡ್ಡದಾದರೆ ಕ ಕೂಡಿಸು ಒಂದು, ಇಲ್ಲದಿದ್ದರೆ ಸೊನ್ನೆ.’ ‘ಎಂಟು’ ಎಂದು ಚೀಟಿ ಬಂತು. ಸಿಕ್ಕಿಹಾಕಿಸೋಣವೆಂದು ಇನ್ನೊಂದು ಕಳಿಸಿದೆ: ‘ಕ ಎಷ್ಟು?’ ಸ್ವಲ್ಪ ತಡವಾಗಿ ಉತ್ತರ ಬಂತು: ‘ಆ ಹೆಸರಿನವರು ಈಗ ಇಲ್ಲ.’

ನಾನು ನಗುತ್ತಿರುವಾಗಲೇ ಟೀಚರು ಗೇಟು ದಾಟಿ ಓಡಿಬಂದರು. “ಬಸ್ಸು ಕೆಟ್ಟು ನಿಂತಿತ್ತು ಮೇಷ್ಟ್ರೇ. ಈಗ ಬರ್ತಿದೀನಿ ನೋಡಿ.”

ಬಾಗಿಲು ತಳ್ಳಿದೆವು. ಒಳಗೆ ಯಾರೂ ಇರಲಿಲ್ಲ. ಬೇರೆ ಬಾಗಿಲಿರಲಿಲ್ಲ, ಕಿಟಕಿಗಳಿಗೆಲ್ಲ ಸರಳುಗಳಿದ್ದವು. ಅವರು ಚೀಟಿಯನ್ನು ಬೆಳಕಿಗೆ ಹಿಡಿದು, “ಇದು ನನ್ನ ಅಕ್ಷರ ಅಲ್ಲ” ಎಂದರು. ಆಮೇಲೆ ದನಿ ತಗ್ಗಿಸಿ, “ಉತ್ತರ ಮಾತ್ರ ಸರಿಯಾಗೇ ಇದ್ಯಲ್ಲ” ಎಂದರು.

ಜೂನಿನಲ್ಲಿ ಅವರು ತೀರ್ಥಹಳ್ಳಿಗೆ ವರ್ಗ ಮಾಡಿಸಿಕೊಂಡು ಹೋದರು. ನಾನು ಇನ್ನೂ ಆರು ವರ್ಷ ಅಲ್ಲೇ ಪಾಠ ಹೇಳಿದೆ. ಲ್ಯಾಬಿನ ಬಾಗಿಲು ಮುಚ್ಚಿದ್ದ ದಿನ ಮಾತ್ರ ಅದರ ಮುಂದಿನ ಜಗಲಿ ಬಿಟ್ಟು ಬಿಸಿಲಲ್ಲೇ ಮೈದಾನ ಸುತ್ತಿ ಹೋಗುತ್ತಿದ್ದೆ.