ಪಕ್ಕದ ಸೀಟಿಗೆ ಒಗ್ಗುವ ಟೈರು

ಸಂಜೆ ನಾನು ತೋಟದಿಂದ ಜೀಪು ತಂದು ಅಂಗಳದಲ್ಲಿ ನಿಲ್ಲಿಸುವ ಹೊತ್ತಿಗೆ ನಮ್ಮೆಜಮಾನರು ಜಗಲಿಯ ಕಂಬಕ್ಕೆ ಬೆನ್ನು ಕೊಟ್ಟು ನಿಂತಿರುತ್ತಿದ್ದರು. ಕೂರುವುದಕ್ಕಿಂತ ನಿಲ್ಲುವುದೇ ಅವರಿಗೆ ಆಗ ಸುಖವಾಗಿತ್ತು. ಕಾಯಿ ಎಷ್ಟು ಬಿತ್ತು, ಆಳು ಬಂದಿದ್ದರಾ ಎಂದೆಲ್ಲ ಕೇಳುತ್ತಿರಲಿಲ್ಲ. "ದಾರಿ ಹೆಂಗೈತೆ?" ಅಂತ ಒಂದೇ ಮಾತು. ನಾನು "ಹಂಗೇ ಐತೆ" ಅನ್ನುತ್ತಿದ್ದೆ. ಜೀಪಿನ ಮೈಗೆ ಮೆತ್ತಿದ ಕೆಸರು ನೋಡಿದರೆ ಮಕ್ಕಳಿಗೂ ಉತ್ತರ ಗೊತ್ತಾಗುತ್ತಿತ್ತು. ಆದರೂ ದಿನಾ ಕೇಳುತ್ತಿದ್ದರು. ಆ ಪ್ರಶ್ನೆ ಕಿವಿಗೆ ಬಿದ್ದರೆ ಸಾಕು, ನನಗೆ ರಾತ್ರಿ ಊಟ ರುಚಿಸುತ್ತಿರಲಿಲ್ಲ.

ನಮ್ಮೂರು ತುರುವೇಕೆರೆಯಿಂದ ದಬ್ಬೇಘಟ್ಟದ ಕಡೆಗಿದೆ. ತೋಟ ಊರಾಚೆ, ಕೆರೆ ಏರಿಯ ಕೆಳಗೆ. ಟಾರು ರಸ್ತೆಯಲ್ಲಿ ಸ್ವಲ್ಪ ದೂರ ಹೋಗಿ ಹುಣಸೆಮರದ ಹತ್ತಿರ ಇಳಿದರೆ ಮುಂದೆ ಮೈಲಿಯಷ್ಟು ಗಾಡಿದಾರಿ. ನಾನು ಮದುವೆಯಾಗಿ ಬಂದ ಲಾಗಾಯ್ತು ಆ ದಾರಿಯಲ್ಲಿ ಧೂಳು ಬಿಟ್ಟು ಬೇರೇನನ್ನೂ ಕಂಡವಳಲ್ಲ. ನಾಲೆಯ ನೀರನ್ನು ಕೆರೆಗೆ ಬಿಟ್ಟ ಮೇಲೆ ಕೆರೆ ತುಂಬಿ, ಏರಿಯ ಬುಡವೆಲ್ಲ ಜವುಗಾಯಿತು. ತುಂಬಿದ ಕೆರೆಗೆ ಬಾಗಿನ ಬಿಟ್ಟ ಹೆಂಗಸರಲ್ಲಿ ನಾನೂ ಒಬ್ಬಳು. ಬಾಗಿನ ಬಿಟ್ಟ ವಾರದಲ್ಲೇ ನಮ್ಮ ಜೀಪು ಆ ದಾರಿಯಲ್ಲಿ ಹೊಟ್ಟೆಯವರೆಗೆ ಹೂತುಕೊಂಡಿತು. ನೀರು ಬೇಕೆಂದು ಬೇಡಿಕೊಂಡವರೇ ನಾವು, ಇನ್ನು ಬೈಯುವುದು ಯಾರನ್ನು?

ಬೈಯಬೇಕು ಅನ್ನಿಸುತ್ತಿದ್ದುದಂತೂ ನಿಜ. ಹಿಂದಿನ ವರ್ಷ ತೋಟದ ಶೆಡ್ಡಿನಲ್ಲಿ ಕಾಯಿ ಅಟ್ಟಕ್ಕೆ ಹಾಕುವಾಗ, ತುಂಬಿದ ಮಂಕರಿ ಎತ್ತಿಕೊಡಲು ಹೋಗಿ ನಮ್ಮೆಜಮಾನರ ಸೊಂಟದ ಡಿಸ್ಕು ಜಾರಿತ್ತು. ಎಡಗಾಲು ಜೋಮು ಹಿಡಿದಂತಾಗಿ, ಕೆಸರಿನಲ್ಲಿ ಹೆಜ್ಜೆ ಇಡುವ ಧೈರ್ಯವೇ ಹೋಯಿತು. ತುಮಕೂರಿನ ಡಾಕ್ಟರು ಕುಲುಕಾಟ ಆಗಲೇಬಾರದು ಎಂದುಬಿಟ್ಟರು. ಬೈಕು, ಟ್ರ್ಯಾಕ್ಟರು ಎಲ್ಲಾ ಬಂದ್. ಜೀಪಿನ ಸ್ಟೇರಿಂಗು ನನ್ನ ಕೈಗೆ ಬಂತು. ಓಡಿಸಲು ಮೊದಲೇ ಬರುತ್ತಿತ್ತು. ಅತ್ತೆ ಅನ್ನುವ ಹಾಗೆ ಕಾಲಿಗೆ ಚಕ್ರ ಕಟ್ಟಿಕೊಂಡು ಹುಟ್ಟಿದವಳು ನಾನು. ಒಂದು ಕಡೆ ಕೂತು ಅವರೆಕಾಯಿ ಬಿಡಿಸಲೂ ನನ್ನಿಂದಾಗದು.

ನಮ್ಮ ಕಡೆ ಬಲಿತ ಕಾಯನ್ನು ಸುಲಿಯದೆ ಹಾಗೇ ಅಟ್ಟದ ಮೇಲೆ ಹರವಿ ಹೆಚ್ಚುಕಡಿಮೆ ವರ್ಷ ಬಿಡುತ್ತೇವೆ. ಒಳಗಿನ ನೀರು ತಾನಾಗಿ ಇಂಗಬೇಕು, ಕೊಬ್ಬರಿ ಚಿಪ್ಪನ್ನು ಬಿಟ್ಟುಕೊಳ್ಳಬೇಕು. ಕಿವಿಯ ಹತ್ತಿರ ಹಿಡಿದು ಅಲ್ಲಾಡಿಸಿದರೆ ಲೊಟಲೊಟ ಅನ್ನಬೇಕು. ಅದಾದ ಮೇಲೆಯೇ ಸುಲಿಸಿ ತಿಪಟೂರಿನ ಮಾರ್ಕೆಟ್ಟಿಗೆ ಹಾಕುವುದು. ಅಟ್ಟದ ಮೊದಲ ಕಾಯಿ ಅಲ್ಲಾಡಿಸಿ ನೋಡುವುದು ಮನೆಯಲ್ಲಿ ಯಾವತ್ತೂ ಅವರ ಕೆಲಸ. ಮದುವೆಯಾದ ಹೊಸದರಲ್ಲಿ ನಾನು ಕದ್ದು ಒಂದು ಅಲ್ಲಾಡಿಸಿದ್ದಕ್ಕೆ ಎರಡು ದಿನ ಮುಖ ಊದಿಸಿಕೊಂಡಿದ್ದರು. ಸೊಂಟ ಹೋದ ದಿನ ಹಾಕಿದ ಕಾಯಿ ಈಗ ಆಗುತ್ತಾ ಬಂದಿತ್ತು. ಅಷ್ಟು ತಿಂಗಳಲ್ಲಿ ಅವರು ಒಂದು ಸಲವೂ ತೋಟದ ಮುಖ ನೋಡಿರಲಿಲ್ಲ. ಹೇಗಾದರೂ ಮಾಡಿ ಸುಲಿಸುವ ದಿನ ಅವರನ್ನು ಆ ಅಟ್ಟದ ಕೆಳಗೆ ನಿಲ್ಲಿಸಬೇಕು ಅನ್ನುವುದೇ ನನ್ನ ತಲೆ ತಿನ್ನುತ್ತಿತ್ತು. ಮೋಡ ಕವಿದರೆ ಸಾಕು, ಸೌಟು ಕೈಯಲ್ಲಿದ್ದರೂ ಅಂಗಳಕ್ಕೆ ಓಡುತ್ತಿದ್ದೆ.

ಜೀಪಿನ ಟೈರು ಸವೆದು ಹಪ್ಪಳವಾಗಿತ್ತು. ಹೊಸದು ಹಾಕಿಸಬೇಕು ಎಂದು ಬಾಯಿಬಿಟ್ಟಿದ್ದೇ ತಡ, ಊರಲ್ಲಿ ಟೈರಿನ ಬಗ್ಗೆ ಗೊತ್ತಿಲ್ಲದವರು ಒಬ್ಬರೂ ಇಲ್ಲ ಅನ್ನುವುದು ತಿಳಿಯಿತು. ಎಲ್ಲರಿಗಿಂತ ಜೋರು ನನ್ನ ತಮ್ಮ. ಅವನಿರುವುದು ಅರಳಗುಪ್ಪೆಯ ನನ್ನ ತವರಿನಲ್ಲಿ. ಭಾನುವಾರ ಬಂದರೆ ಗೆಳೆಯರನ್ನು ತನ್ನ ಜೀಪಿಗೆ ಹತ್ತಿಸಿಕೊಂಡು ಗುಡ್ಡ, ಹಳ್ಳ ಎಂದು ಬೇಕಂತಲೇ ಕೆಸರು ಹುಡುಕಿಕೊಂಡು ಹೋಗುವ ಪೈಕಿ. ನಾವು ಬೇಡವೆಂದರೂ ಸಿಗುವ ಕೆಸರನ್ನು ಇವನು ಡೀಸೆಲ್ ಸುಟ್ಟು ಹುಡುಕುತ್ತಾನೆ. ಅವನು ಕೆಸರಿಗೆಂದೇ ಇರುವ ತನ್ನ ಮಡ್ ಟೈರುಗಳನ್ನೇ ತಂದು, ಹಾಕಿ ನೋಡಕ್ಕ ಎಂದು ಜೀಪಿಗೆ ಜೋಡಿಸಿಕೊಟ್ಟ.

ಅದರ ಬಟನ್ನು, ಅಂದರೆ ನೆಲ ಕಚ್ಚುವ ರಬ್ಬರಿನ ಗಟ್ಟಿಗಳು, ಅಚ್ಚು ಬೆಲ್ಲದಷ್ಟು ದಪ್ಪ. ನಡುವೆ ಎರಡು ಬೆರಳು ತೂರುವಷ್ಟು ಸಂದು. ಅತ್ತೆ ನಾಲ್ಕು ನಿಂಬೆಹಣ್ಣು ತಂದು ಚಕ್ರಕ್ಕೊಂದರಂತೆ ಇಟ್ಟು, ಕಾಯಿ ಒಡೆದು, ಹೋಗು ಅಂದರು. ನಾನು ಹೊರಟೆ. ಜವುಗು ಬಂದಾಗ ಎಂದಿನಂತೆ ಉಸಿರು ಬಿಗಿ ಹಿಡಿದೆ. ಟೈರು ಕೆಸರನ್ನು ಅಗೆದು ಹಿಂದಕ್ಕೆ ಎಸೆದು, ಇದೂ ಒಂದು ದಾರಿಯಾ ಅನ್ನುವಂತೆ ದಾಟಿಬಿಟ್ಟಿತು. ಒಬ್ಬಳೇ ಗಟ್ಟಿಯಾಗಿ ನಕ್ಕೆ. ವಾಪಸು ಬರುವಾಗ ಬೇಕಂತಲೇ ಜಾಸ್ತಿ ಕೆಸರಿದ್ದ ಕಡೆಯಿಂದಲೇ ತಂದೆ. ತಮ್ಮನ ಹುಚ್ಚು ಏನೆಂದು ಆವತ್ತು ಅರ್ಥವಾಯಿತು.

ಮನೆಗೆ ಬಂದಾಗ ಅತ್ತೆ ಅಂಗಳದಲ್ಲಿ ಸೊಂಟಕ್ಕೆ ಕೈ ಕೊಟ್ಟುಕೊಂಡು ನಿಂತಿದ್ದರು. ಮೂರೇ ಹಣ್ಣು ಒಡೆದಿವೆ, ನಾಲ್ಕನೆಯದು ಎಲ್ಲಿ ಹೋಯಿತು ಎಂದು ಅವರ ಚಿಂತೆ. ನೋಡಿದರೆ ಎಡಗಡೆ ಮುಂದಿನ ಟೈರಿನ ಅಂಚಿನ ಸಂದಿಯಲ್ಲಿ, ಮಣ್ಣು ಮೆತ್ತಿಕೊಂಡು ಇಡೀ ನಿಂಬೆಹಣ್ಣು ಕೂತಿತ್ತು. ಕೆಸರನ್ನೆಲ್ಲ ಉಗುಳಿದ ಟೈರು ಅದೊಂದನ್ನು ಉಗುಳಿರಲಿಲ್ಲ. ಸಿಪ್ಪೆ ಒಂಚೂರು ತರಚಿತ್ತು, ಅಷ್ಟೇ. ಒಡೆಯದ ನಿಂಬೆಹಣ್ಣು ಒಳ್ಳೆಯದಲ್ಲ ಎಂದು ಅತ್ತೆಯ ಮುಖ ಸಣ್ಣಗಾಯಿತು. ನಮ್ಮೆಜಮಾನರು ಮಾತ್ರ ಅದನ್ನು ಕೈಗೆ ತೆಗೆದುಕೊಂಡು ಪಂಚೆಯಲ್ಲಿ ಒರೆಸಿದರು.

"ನನಗಿಂತ ಮುಂಚೆ ಈ ನಿಂಬೆಹಣ್ಣೇ ತೋಟ ನೋಡ್ಕೊಂಡ್ ಬಂತಲ್ಲೇ" ಅಂದರು.

ತಮಾಷೆಗೇ ಅಂದರು. ನಾನೂ ನಕ್ಕೆ. ಆದರೆ ಒಳಗೆ ಹೋಗಿ ಮುಖ ತೊಳೆಯುವಾಗ ಅಳು ಬಂತು.

ಮಾರನೆಯ ಬೆಳಿಗ್ಗೆಯೇ ಅವರನ್ನು ಹತ್ತಿಸಿಕೊಂಡೆ. ಸೊಂಟಕ್ಕೆ ಬೆಲ್ಟು, ಬೆನ್ನಿಗೆ ದಿಂಬು, ಕಾಲ ಬಳಿ ಊರುಗೋಲು. ಟಾರಿನ ಮೇಲೆ ಟೈರು ಗುಂಯ್ ಎಂದು ಕೂಗುತ್ತಿತ್ತು. ಆ ಗಡಸು ರಬ್ಬರು ಒಂದೊಂದು ಕಲ್ಲನ್ನೂ ಎಣಿಸಿ ಎಣಿಸಿ ಸೀಟಿಗೆ ತಿಳಿಸುತ್ತಿತ್ತು. ಹುಣಸೆಮರ ಬರುವಷ್ಟರಲ್ಲಿ ಅವರು ಮುಂದಿನ ಕಂಬಿ ಹಿಡಿದಿದ್ದ ಕೈಯ ಗೆಣ್ಣು ಬೆಳ್ಳಗಾಗಿತ್ತು. ನಿಲ್ಲಿಸು ಎಂದು ಅವರು ಹೇಳಲಿಲ್ಲ, ನಾನೇ ನಿಲ್ಲಿಸಿದೆ. ಅಲ್ಲಿಂದಲೇ ತೆಂಗಿನ ತಲೆಗಳು ಕಾಣುತ್ತಿದ್ದವು. ಇಬ್ಬರೂ ಸ್ವಲ್ಪ ಹೊತ್ತು ಅತ್ತ ನೋಡಿ ಜೀಪು ತಿರುಗಿಸಿದೆವು. ಆಮೇಲೆ ಎರಡು ದಿನ ಅವರು ಹಾಸಿಗೆ ಬಿಟ್ಟೇಳಲಿಲ್ಲ. ಆ ಎರಡು ದಿನ ಅವರು ದಾರಿ ಹೆಂಗೈತೆ ಎಂದೂ ಕೇಳಲಿಲ್ಲ. ಕೇಳುತ್ತಿದ್ದಾಗಲೇ ವಾಸಿ ಇತ್ತು ಅನ್ನಿಸಿತು.

ತಮ್ಮನನ್ನು ಕರೆದುಕೊಂಡು ತಿಪಟೂರಿಗೆ ಹೋದೆ. ಟೈರಿನಂಗಡಿಯವರು ನನಗೆ ಕುರ್ಚಿ, ಕಾಫಿ ಕೊಟ್ಟು, ಮಾತನ್ನೆಲ್ಲ ಅವನ ಜೊತೆ ಆಡಿದರು. ಗಾಡಿ ಓಡಿಸುವವಳು ನಾನು ಎಂದು ಎರಡು ಸಲ ಹೇಳಬೇಕಾಯಿತು. ಆಮೇಲೆ ತೋರಿಸಿದರು: ಇದು ಎ.ಟಿ., ಎಲ್ಲಾ ನೆಲಕ್ಕೂ ಆಗುವ ಟೈರು. ಬಟನ್ನು ಒತ್ತೊತ್ತಾಗಿದೆ, ರಬ್ಬರು ಮೆದು, ಟಾರಿನ ಮೇಲೆ ಸದ್ದಿಲ್ಲದೆ ಹೋಗುತ್ತದೆ. ಆದರೆ ಅಂಟು ಮಣ್ಣು ಸಿಕ್ಕರೆ ಸಂದೆಲ್ಲ ಮುಚ್ಚಿ ನುಣ್ಣಗಾಗಿಬಿಡಬಹುದು. ತಮ್ಮ ತಲೆ ಅಲ್ಲಾಡಿಸಿದ. "ಜವುಗಲ್ಲಿ ಇದು ಕೈ ಕೊಡುತ್ತೆ ಕಣಕ್ಕ. ಭಾವನ್ನ ಕೂರಿಸ್ಕಂಡು ನಡುವೆ ಹೂತ್ಕೊಂಡ್ರೆ ಏನ್ ಮಾಡ್ತೀಯ?"

ಅತ್ತ ದರಿ, ಇತ್ತ ಪುಲಿ. ಒಂದು ಟೈರು ದಾಟಿಸುತ್ತದೆ, ಅವರನ್ನು ಕೂರಿಸುವುದಿಲ್ಲ. ಇನ್ನೊಂದು ಕೂರಿಸುತ್ತದೆ, ದಾಟಿಸುವ ಭರವಸೆ ಕೊಡುವುದಿಲ್ಲ. ಎದ್ದು ಅಂಗಡಿಯ ಮುಂದೆ ಆ ಕಡೆ ಈ ಕಡೆ ಓಡಾಡಿದೆ. ಮಡ್ ಟೈರಿನ ಮೇಲೆ ಕೈಯಾಡಿಸಿದೆ. ಆಸೆ ಇತ್ತು, ಸುಳ್ಳೇಕೆ ಹೇಳಲಿ. ಕೊನೆಗೆ ಎ.ಟಿ. ಹಾಕಿ ಎಂದೆ. ತಮ್ಮ ಮುನಿಸಿಕೊಂಡ. ಆದರೂ ದಾರಿಯಲ್ಲಿ ಮನಸ್ಸು ತಡೆಯದೆ ಒಂದು ಉಪಾಯ ಹೇಳಿಕೊಟ್ಟ: ಗಾಡಿದಾರಿಗೆ ಇಳಿಯುವ ಮುಂಚೆ ನಾಲ್ಕೂ ಚಕ್ರದ ಗಾಳಿ ಇಳಿಸಬೇಕು. ಟೈರು ಅಗಲವಾಗಿ ನೆಲಕ್ಕೆ ಕೂರುತ್ತದೆ, ಕುಲುಕಾಟವೂ ಕಡಿಮೆಯಾಗುತ್ತದೆ. ಆದರೆ ಎಮ್ಮೆ ನಡೆದ ಹಾಗೆ ಹೋಗಬೇಕು, ಜೋರು ಮಾಡಬಾರದು. ಅದು ನಿನ್ನ ಕೈಲಿ ಆಗುತ್ತಾ ಎಂದು ನಕ್ಕ.

ಸುಲಿಯುವವರು ಬರುವ ದಿನ ಗೊತ್ತಾಯಿತು. ಅದರ ಹಿಂದಿನ ಸಂಜೆ ಮಳೆ ಹುಯ್ಯಿತು. ಮಳೆ ನಿಂತಾಗ ತೆಂಗಿನ ಗರಿ ಎಳೆದುಕೊಂಡು ಹೋಗಿ ಜವುಗಿನಲ್ಲಿ ಚಕ್ರ ಹಾಯುವ ಎರಡೂ ಸಾಲಿಗೆ ಒತ್ತಾಗಿ ಹಾಸಿ ಬಂದೆ. ಬೆಳಗಾದ ಮೇಲೂ ಒಂದು ಸಲ ನೋಡಿ ಬಂದೆ. "ಆತುರಗಾರನಿಗೆ ಬುದ್ಧಿ ಮಟ್ಟ, ಒಂದ್ ಗಳಿಗೆ ಕೂತ್ಕೊಂಡು ರೊಟ್ಟಿ ತಿನ್ನು" ಅಂದರು ಅತ್ತೆ. ಈ ಸಲ ನಾಲ್ಕು ನಿಂಬೆಹಣ್ಣೂ ಪಚಕ್ಕೆಂದು ಒಡೆದಿದ್ದರಿಂದ ಅವರಿಗೆ ಧೈರ್ಯ. ನನಗೆ ಎಲ್ಲಿಯ ರೊಟ್ಟಿ!

ಹುಣಸೆಮರದ ಕೆಳಗೆ ನಿಲ್ಲಿಸಿ ಗಾಳಿ ಇಳಿಸಿದೆ. ನಮ್ಮೆಜಮಾನರು ಕಂಬಿ ಹಿಡಿದು ಕೂತಿದ್ದರು, ಆದರೆ ಗೆಣ್ಣು ಬೆಳ್ಳಗಾಗಿರಲಿಲ್ಲ. ನಿಧಾನಕ್ಕೆ ಇಳಿದೆವು. ಅಷ್ಟು ನಿಧಾನ ನಾನು ಜೀವಮಾನದಲ್ಲಿ ಹೋದವಳಲ್ಲ. ಪಕ್ಕದಲ್ಲಿ ಒಂದು ನಾಯಿ ನಮ್ಮನ್ನು ಹಿಂದೆ ಹಾಕಿ ಹೋಯಿತು. ಜವುಗಿನ ನಡುವೆ ಗರಿ ಮುಗಿಯುವ ಜಾಗದಲ್ಲಿ ಹಿಂದಿನ ಚಕ್ರ ಸುಮ್ಮನೆ ತಿರುಗತೊಡಗಿತು. ಜೀಪು ಒಂದು ಪಕ್ಕಕ್ಕೆ ವಾಲಿತು. ನನ್ನ ಕಾಲು ತಾನಾಗಿ ಆಕ್ಸಿಲರೇಟರ್ ಒತ್ತಲು ಹೋಯಿತು. ಅವರು ಗೇರಿನ ಮೇಲಿದ್ದ ನನ್ನ ಕೈಮೇಲೆ ಕೈಯಿಟ್ಟರು.

"ತಡಿ. ಒಂಚೂರು ಹಿಂದಕ್ ತಗೋ."

ಹಿಂದಕ್ಕೆ ತೆಗೆದೆ. ಮತ್ತೆ ಮೆಲ್ಲಗೆ ಬಿಟ್ಟೆ. ಟೈರು ಅಲ್ಲೇ ಸ್ವಲ್ಪ ಉರುಳಿ, ಯೋಚನೆ ಮಾಡಿದಂತೆ ನಿಂತು, ಆಮೇಲೆ ಗಟ್ಟಿ ನೆಲ ಹಿಡಿಯಿತು. ದಾಟಿದ ಮೇಲೂ ಅವರು ಕೈ ತೆಗೆಯಲಿಲ್ಲ.

ಸುಲಿಯುವವರು ಬಂದಿದ್ದರು. ನಮ್ಮೆಜಮಾನರು ಯಾರೊಂದಿಗೂ ಮಾತಾಡದೆ ನೇರ ಅಟ್ಟದ ಕೆಳಗೆ ಹೋಗಿ ಕೈ ಚಾಚಿದರು. ಮೇಲಿದ್ದವನು ಒಂದು ಕಾಯಿ ಕೊಟ್ಟ. ಕಿವಿಯ ಹತ್ತಿರ ಹಿಡಿದು ಅಲ್ಲಾಡಿಸಿದರು, ಕಣ್ಣು ಮುಚ್ಚಿಕೊಂಡು. ಮುಖ ಅರಳಿತು. ಇನ್ನೊಂದು ತೆಗೆದುಕೊಂಡರು, ಮತ್ತೊಂದು. ನನಗೆ ಜನ್ಮ ಸಾರ್ಥಕ ಅನ್ನಿಸಿತು.

ಆಮೇಲೆ ಅವರು ಸುತ್ತ ನೋಡತೊಡಗಿದರು. ಶೆಡ್ಡಿನ ಬಾಗಿಲ ಕಡೆ ನಾನು ಹೊಸದಾಗಿ ಹಾಕಿಸಿದ್ದ ಮೆಟ್ಟಿಲು, ಮಂಕರಿ ಮೇಲೆಳೆಯಲು ಕಟ್ಟಿಸಿದ್ದ ರಾಟೆ, ಒಣಗಿದ ಮರ ಕಡಿಸಿ ಆ ಜಾಗದಲ್ಲಿ ನೆಡಿಸಿದ್ದ ಎಳೆ ಸಸಿಗಳು. ಒಂದೊಂದನ್ನೂ ಮುಟ್ಟಿ ನೋಡಿದರು, ಬಂದ ನೆಂಟರು ಮನೆ ನೋಡುವ ಹಾಗೆ. ನನಗೆ ಅದು ಹಿಡಿಸಲಿಲ್ಲ. ಕಡೆಗೆ ಜೀಪಿನ ಹತ್ತಿರ ಬಂದು ಟೈರನ್ನು ಊರುಗೋಲಿನಿಂದ ತಟ್ಟಿದರು.

"ಇದ ತೆಗೆಸಿ ಆ ಮಡ್ ಟೈರೇ ಹಾಕ್ಸ್‌ಬುಡು ಕಣೇ. ಓಡ್ಸೋಳು ನೀನು. ನಂದೇನು, ನೋಡಿದ್ದಾಯ್ತಲ್ಲ."

ಮೆಲ್ಲಗೆ, ಬೇಜಾರಿಲ್ಲದವರ ಹಾಗೆ ಹೇಳಿದರು. ನನಗೆ ನೆತ್ತಿಗೇರಿತು. ವರ್ಷವಿಡೀ ಗಂಟಲಲ್ಲಿ ಹಿಡಿದಿಟ್ಟಿದ್ದೆಲ್ಲ ಒಟ್ಟಿಗೆ ಬಂತು. ಸುಲಿಯುವವರು ಕೇಳಿಸಿಕೊಂಡರೆ ಕೇಳಿಸಿಕೊಳ್ಳಲಿ ಎಂದು ಅಂದುಬಿಟ್ಟೆ.

"ಆ ಸೀಟು ಖಾಲಿ ಇಟ್ಕಂಡು ಓಡ್ಸಕ್ಕೆ ನಂಗೆ ಯಾವ ಟೈರೂ ಬ್ಯಾಡ ಕಣ್ರೀ. ಹಂಗಾದ್ರೆ ಜೀಪೇ ಮಾರ್‌ಬುಡಿ."

ಸುಲಿಯುವವರ ಕೈ ಒಂದು ಗಳಿಗೆ ನಿಂತಿತು. ನಾನು ಮುಖ ತಿರುಗಿಸಿಕೊಂಡು, ಮಾಡಲು ಬೇರೆ ಕೆಲಸವಿಲ್ಲದೆ ಟೈರಿನ ಸಂದಿಯ ಕೆಸರನ್ನು ಕಡ್ಡಿಯಿಂದ ಕೆರೆಯುತ್ತಾ ಕೂತೆ. ಹಿಂದಿನಿಂದ ಅವರು ಬಂದು ನಿಂತಿದ್ದು ಗೊತ್ತಾಯಿತು. ಬಗ್ಗಲು ಅವರಿಗೆ ಆಗುವುದಿಲ್ಲ. ನಿಂತಲ್ಲಿಂದಲೇ ಕೈ ಇಳಿಸಿ ಒಂದು ಕಾಯನ್ನು ನನ್ನ ಕಿವಿಯ ಹತ್ತಿರ ಹಿಡಿದು ಅಲ್ಲಾಡಿಸಿದರು. ಲೊಟಲೊಟ ಅಂತು.

"ನಾಳೆ ಎಷ್ಟೊತ್ತಿಗೆ ಹೊರಡಾದು?" ಎಂದು ಕೇಳಿದರು.