ಕೆಂಪಾಗದ ನಾಲ್ಕನೆಯ ಫ್ಯಾನು

ಅಕ್ಕನ ಗಂಡನ ತಲೆಗೆ ನಾನು ಕೀಬೋರ್ಡಿನಿಂದ ಹೊಡೆದದ್ದು ಒಂದು ಭಾನುವಾರ, ಬೆಳಗಾವಿಯ ರಾಮತೀರ್ಥ ನಗರದ ಅವರ ಮನೆಯಲ್ಲಿ. ಕಂಪ್ಯೂಟರಿನಲ್ಲಿ ಆಟ ಆಡುವವರು ಇಟ್ಟುಕೊಳ್ಳುವ ಕೀಬೋರ್ಡು ಅದು. ಒಳಗೆ ಲೋಹದ ತಗಡು ಇರುತ್ತದೆ, ಎತ್ತಿದರೆ ಭಾರ ಗೊತ್ತಾಗುತ್ತದೆ. ಮೊದಲ ಏಟಿಗೆ ಅವನ ಕಿವಿ ಸೀಳಿತು. ಎರಡನೆಯದು ಹೆಗಲಿಗೆ ಬಿತ್ತು. ಮೂರನೆಯದನ್ನು ಹೊಡೆಯಲು ಅಕ್ಕ ಬಿಡಲಿಲ್ಲ.

ನಾನು ಅಲ್ಲಿಗೆ ಹೋದದ್ದು ಜಗಳಕ್ಕಲ್ಲ, ಫ್ಯಾನಿನ ಲೈಟು ಹೊಂದಿಸಿಕೊಡಲು.

ಬೆಳಗಾವಿಯ ಒಂದು ಕಂಪ್ಯೂಟರ್ ಅಂಗಡಿಯಲ್ಲಿ ಮಷೀನು ಜೋಡಿಸುವುದು ನನ್ನ ಕೆಲಸ. ಆಟದ ಮಷೀನು ಬೇಕೆಂದು ಬರುವವರಲ್ಲಿ ಬಹಳ ಜನ ಒಳಗಿನ ವೇಗಕ್ಕಿಂತ ಬಣ್ಣದ ಬಗ್ಗೆಯೇ ಹೆಚ್ಚು ಕೇಳುತ್ತಾರೆ. ಕ್ಯಾಬಿನೆಟ್ಟಿನ ಒಂದು ಬದಿಗೆ ಗಾಜು, ಗಾಜಿನ ಹಿಂದೆ ತಿರುಗುವ ಫ್ಯಾನುಗಳು, ಪ್ರತಿ ಫ್ಯಾನಿನ ಅಂಚಿಗೆ ಬಳೆಯ ಹಾಗೆ ಸಣ್ಣ ದೀಪಗಳು. ಆ ದೀಪಗಳಿಗೆ ಬೇಕಾದ ಬಣ್ಣ ಕೊಡಬಹುದು. ಬಣ್ಣ ಅಲೆಯಂತೆ ಒಂದು ಫ್ಯಾನಿನಿಂದ ಇನ್ನೊಂದಕ್ಕೆ ಹರಿಯುವ ಹಾಗೆ ಮಾಡಬಹುದು, ಮಷೀನು ಬಿಸಿಯಾದಂತೆ ನೀಲಿಯಿಂದ ಕೆಂಪಿಗೆ ತಿರುಗಿಸಬಹುದು. ನನಗೆ ಇದು ಇಷ್ಟದ ಕೆಲಸ. ವೈರುಗಳನ್ನು ಕಾಣದ ಹಾಗೆ ಹಿಂದೆ ಕಟ್ಟಿ, ಸ್ವಿಚ್ ಒತ್ತಿ, ಎಲ್ಲವೂ ಒಂದೇ ಬಣ್ಣಕ್ಕೆ ಬಂದಾಗ ಅಂಗಡಿಯಲ್ಲಿ ಇರುವವರೆಲ್ಲ ಒಮ್ಮೆ ತಿರುಗಿ ನೋಡುತ್ತಾರೆ.

ಅಕ್ಕನ ಗಂಡ ಒಂದು ಫೌಂಡ್ರಿಯ ಆಫೀಸಿನಲ್ಲಿದ್ದ. ನಾನು ಅವನನ್ನು ಮಾಮಾ ಎನ್ನುತ್ತಿದ್ದೆ. ಹೊರಗಿನವರ ಮುಂದೆ ನಗುನಗುತ್ತ ಮಾತಾಡುವ ಮನುಷ್ಯ. ಮದುವೆಯಾಗಿ ಮೂರು ವರ್ಷವಾಗಿತ್ತು. ಅಕ್ಕ ಊರಿಗೆ ಬರುವುದು ಕಡಿಮೆಯಾಗಿತ್ತು. ಕೇಳಿದರೆ ಮನೆಗೆಲಸ ಎನ್ನುತ್ತಿದ್ದಳು.

ಹಿಂದಿನ ದಿನ ಅವನೇ ಫೋನ್ ಮಾಡಿದ್ದ. "ನಾಳಿ ಸಂಜಿಗೆ ಆಫೀಸಿನ ದೋಸ್ತರು ಮಷೀನ್ ನೋಡಾಕ ಬರಾವ್ರದಾರ. ನಾಲ್ಕೂ ಫ್ಯಾನು ರೆಡ್ ಆಗಬೇಕು. ಒಂದು ಹತ್ತವಲ್ದು. ನಿಮ್ಮಕ್ಕ ಧೂಳ ಒರಸಾಕ ಹೋಗಿ ವೈರ್ ಕಿತ್ಯಾಳ. ಬಂದು ನೋಡಿ ಹೋಗವ್ವಾ."

ಬಾಗಿಲು ತೆಗೆದದ್ದು ಅಕ್ಕ. ಏಪ್ರಿಲ್ ಸೆಕೆಯಲ್ಲೂ ಮೊಣಕೈ ದಾಟಿದ ತೋಳಿನ ಕುಪ್ಪಸ ತೊಟ್ಟು, ಸೆರಗನ್ನು ಮೈತುಂಬ ಹೊದ್ದಿದ್ದಳು. ಚಹಾ ಕೊಡುವಾಗ ಎಡಗೈಯಲ್ಲಿ ಕೊಟ್ಟಳು. ನಾನು ಅದನ್ನು ಗಮನಿಸಿದೆ, ಆದರೂ ಚಹಾ ಕುಡಿದು ಕೆಲಸಕ್ಕೆ ಕೂತೆ.

ಬಣ್ಣ ಚೆನ್ನಾಗಿ ಕಾಣಲೆಂದು ಅವನು ಕೋಣೆಯ ಪರದೆ ಎಳೆದಿದ್ದ. ಮೂರು ಫ್ಯಾನು ಕಡುಗೆಂಪಾಗಿ ಉರಿಯುತ್ತಿದ್ದವು. ನಾಲ್ಕನೆಯದು ತಿರುಗುತ್ತಿತ್ತು, ಬೆಳಕಿಲ್ಲ. ನಾನು ಮಷೀನು ಬಂದ್ ಮಾಡಿ ಗಾಜು ಬಿಚ್ಚಿ ಮಂಚದ ಮೇಲಿಟ್ಟೆ. ಆ ಗಾಜನ್ನು ಟೈಲ್ಸಿನ ಮೇಲೆ ಇಟ್ಟರೆ ಕೆಲವೊಮ್ಮೆ ಅಂಚು ತಾಗಿದ ಮಾತ್ರಕ್ಕೇ ಪುಡಿಯಾಗುತ್ತದೆ. ಅವನು ಕೂರಲು ಜಾಗ ಬೇಕೆಂದು ಅದನ್ನು ಎತ್ತಿ ಗೋಡೆಗೆ ಆನಿಸಿಟ್ಟ. ನಾನು ಬೇಡವೆಂದರೂ ಕೇಳಲಿಲ್ಲ.

ಟಾರ್ಚು ಹಿಡಿದು ನೋಡಿದೆ. ವೈರು ಎಲ್ಲೂ ಕಿತ್ತಿರಲಿಲ್ಲ. ಆ ಫ್ಯಾನಿನ ದೀಪಗಳು ಐದು ವೋಲ್ಟಿನವು. ಅವುಗಳ ಪ್ಲಗ್ಗನ್ನು ಯಾರೋ ಹನ್ನೆರಡು ವೋಲ್ಟಿನ ಪಿನ್ನಿಗೆ ಬಲವಂತವಾಗಿ ಒತ್ತಿದ್ದರು. ಒಂದು ಪಿನ್ನು ಬಾಗಿತ್ತು. ಹತ್ತಿರ ಮೂಗು ಒಯ್ದರೆ ಸುಟ್ಟ ವಾಸನೆ ಇನ್ನೂ ಬರುತ್ತಿತ್ತು. ನಮ್ಮ ಅಂಗಡಿಗೆ ಇಂಥವು ಆಗಾಗ ಬರುತ್ತವೆ, ಅದರಲ್ಲಿ ವಿಶೇಷವೇನೂ ಇರಲಿಲ್ಲ.

"ವೈರ್ ಯಾರೂ ಕಿತ್ತಿಲ್ಲ ಮಾಮಾ. ಪಿನ್ನ ತಪ್ಪಿ ಹಾಕ್ಯಾರ. ಲೈಟ್ ಸುಟ್ಟಾವು. ನೀವ ಹಾಕಿದ್ರೇನು?"

ಅವನು ಮೊಬೈಲಿನ ಮೇಲೆ ಬೆರಳು ಆಡಿಸುತ್ತ ಕೂತಿದ್ದ.

ಅಕ್ಕ ಬಾಗಿಲಲ್ಲಿ ನಿಂತಿದ್ದಳು. "ಹಂಗಂದ್ರ ನಾ ಕಿತ್ತಿದ್ದಿಲ್ಲ," ಎಂದಳು. ನನಗಲ್ಲ, ಅವನಿಗೆ. ಅವನು ತಲೆ ಎತ್ತಲಿಲ್ಲ. ಅವಳು ಇನ್ನೊಮ್ಮೆ, ಅಷ್ಟೇ ಮೆಲ್ಲಗೆ ಹೇಳಿದಳು. "ಕೇಳಿದಿರಲ್ಲ. ನಾ ಕಿತ್ತಿದ್ದಿಲ್ಲ."

ಅವನು ಎದ್ದ. ಅವನ ಕೈ ಏಳುವ ಮೊದಲೇ ಅಕ್ಕನ ಎರಡೂ ಕೈ ಮುಖದ ಮುಂದೆ ಬಂದಿದ್ದವು. ಸೆರಗು ಜಾರಿ ಬಲಗೈ ಕಂಡಿತು. ಮೊಣಕೈಯಿಂದ ಮಣಿಕಟ್ಟಿನ ತನಕ ಜೋಡಿ ಗೆರೆಯ ಬಾಸುಂಡೆಗಳು, ಕೆಲವು ಕಪ್ಪಾಗಿದ್ದವು, ಕೆಲವು ಇನ್ನೂ ಹಸಿಯಾಗಿದ್ದವು. ಮಡಚಿದ ವೈರಿನಿಂದ ಹೊಡೆದರೆ ಆಗುವ ಗುರುತು ಅದು. ವೈರು ಕಿತ್ತಳೆಂದು ಅವಳಿಗೆ ವೈರಿನಲ್ಲೇ ಹೊಡೆದಿದ್ದ.

ಮೊದಲ ಹೊಡೆತಕ್ಕೆ ಅವಳ ತಲೆ ಬಾಗಿಲ ಚೌಕಟ್ಟಿಗೆ ಬಡಿಯಿತು. ಅವಳು ಕೂಗಲಿಲ್ಲ. ಅವನು ಕೂದಲು ಹಿಡಿದು ಒಳಗೆಳೆದ. ಅವಳ ಕಾಲು ಗೋಡೆಗೆ ಆನಿಸಿದ್ದ ಗಾಜಿಗೆ ತಾಗಿ ಅದು ಪಟಾಕಿಯಂತೆ ಸಿಡಿದು ಕೋಣೆಯ ತುಂಬ ಚೆಲ್ಲಿತು. ಅದರ ಮೇಲೆಯೇ ಅವಳನ್ನು ಎಳೆದ. "ತಂಗಿ ಮುಂದ ನನ್ನ ಮರ್ಯಾದಿ ತಗೀತಿ?" ಎನ್ನುತ್ತ ಬೆನ್ನಿಗೆ ಒದ್ದ. ನಾನು ಇದ್ದೇನೆಂಬುದು ಅವನಿಗೆ ಲೆಕ್ಕಕ್ಕೇ ಇರಲಿಲ್ಲ.

ಮೇಜಿನ ಮೇಲಿಂದ ಕೀಬೋರ್ಡು ಕಿತ್ತುಕೊಂಡು ನಾನು ಹೊಡೆದದ್ದು ಆಗ. ಅವನು ಗಾಜಿನ ಮೇಲೆ ಕುಸಿದು ಕೂತ. ಕೀಬೋರ್ಡಿನ ಗುಂಡಿಗಳು ಉದುರಿ ಅವನ ತೊಡೆಯ ಮೇಲೆ ಬಿದ್ದವು. ಮತ್ತೆ ಎತ್ತಿದಾಗ ಅಕ್ಕ ನನ್ನ ಮಣಿಕಟ್ಟು ಹಿಡಿದಳು. "ಸಾಕು. ಸತ್ತಗಿತ್ತಾನು." ಅಷ್ಟರಲ್ಲಿ ಅವನು ಕೂತಲ್ಲಿಂದಲೇ ನನ್ನ ಹೊಟ್ಟೆಗೆ ಒದ್ದ. ಬಾಯಿ ಮೇಜಿನ ಅಂಚಿಗೆ ಬಡಿದು ತುಟಿ ಹರಿಯಿತು, ಒಂದು ಹಲ್ಲು ಅಲ್ಲಾಡಿತು. ಅಕ್ಕನೇ ನನ್ನನ್ನು ಎತ್ತಿ ಹೊರಗೆ ತಂದಳು. ಅವಳ ಅಂಗಾಲಿನ ರಕ್ತ ಮೆಟ್ಟಿಲ ತುಂಬ ಹೆಜ್ಜೆಯಾಗಿ ಮೂಡಿತು. ಬಾಜೂ ಮನೆಯವರು ಕಿಟಕಿಯಲ್ಲಿ ನಿಂತು ನೋಡಿದರು, ಯಾರೂ ಹೊರಗೆ ಬರಲಿಲ್ಲ.

ನನ್ನ ಸ್ಕೂಟಿಯಲ್ಲಿ ನಮ್ಮೂರು ಗುಂಜಿಗೆ ಹೊರಟೆವು. ಅಲ್ಲಿ ಅವ್ವ ಒಬ್ಬಳೇ ಎಮ್ಮೆ ಸಾಕಿಕೊಂಡು ಇದ್ದಾಳೆ. ಖಾನಾಪುರದಲ್ಲಿ ಒಬ್ಬ ಡಾಕ್ಟರರ ಬಳಿ ನಿಂತೆವು. ಅವರು ಇಕ್ಕಳದಿಂದ ಅಕ್ಕನ ಅಂಗಾಲಿನ ಗಾಜು ಒಂದೊಂದೇ ಕಿತ್ತು ಟ್ರೇಗೆ ಹಾಕುವಾಗ, "ಹೆಂಗಾತು?" ಎಂದು ಕೇಳಿದರು. "ಗಾಜ ಒಡೀತ್ರೀ," ಎಂದಳು. ನಾನು ಬಾಯಿ ತೆರೆದೆ. ಅಕ್ಕ ನನ್ನ ಕಡೆ ನೋಡಿದ ರೀತಿಗೆ ಸುಮ್ಮನಾದೆ.

ಹೊರಗೆ ಬಂದ ಮೇಲೆ ಅವಳು ಸ್ಕೂಟಿ ಹತ್ತಲಿಲ್ಲ. "ನೀ ಹೊಡೀಬಾರ್ದಿತ್ತು."

"ಮತ್ತೇನ ಮಾಡಬೇಕಿತ್ತು? ನೋಡಕೋತ ನಿಂದರಬೇಕಿತ್ತೇನು?"

"ನಾ ಹೊಡೀಬೇಕಿತ್ತು," ಎಂದಳು ಅಕ್ಕ. "ಮೂರು ವರ್ಷ ದಿನಾ ಅಂದ್ಕೊಂಡೀನಿ, ಇವತ್ತ ಹೊಡೀತೀನಿ ಅಂತ. ನೀ ಬಂದು ಒಂದ ತಾಸಿನ್ಯಾಗ ಹೊಡದ ಬಿಟ್ಟಿ."

ಅವಳ ಸಿಟ್ಟು ನನ್ನ ಮೇಲೂ ಇತ್ತು. ಕೊನೆಗೆ ಹಿಂದೆ ಕೂತಳು, ಆದರೆ ಊರು ಮುಟ್ಟುವವರೆಗೆ ನನ್ನ ಹೆಗಲು ಹಿಡಿಯಲಿಲ್ಲ.

ಅವ್ವ ನಮ್ಮಿಬ್ಬರನ್ನೂ ನೋಡಿ ಒಲೆಯ ಕಡೆ ಹೋದಳು. ನೀರು ಕಾಯಿಸಿದಳು. ಅಕ್ಕನ ಬೆನ್ನು ಒರೆಸುವಾಗ ಅವಳ ಕೈ ಒಂದು ಕಡೆ ನಿಂತಿತು. ಅಲ್ಲಿ ಹಳೆಯ ಸುಟ್ಟ ಕಲೆ ಇತ್ತು. "ನಿಮ್ಮಪ್ಪ ನನಗ ಹೊಡಿಯೂ ಮುಂದ ನೀವಿಬ್ರೂ ದನದ ಹಟ್ಟ್ಯಾಗ ಅಡಗತಿದ್ರಿ," ಎಂದಳು. "ನನಗ ಹೋಗಾಕ ಮನಿ ಇದ್ದಿಲ್ಲ. ನಿನಗ ಐತಿ. ಇನ್ನ ಹೋಗಬ್ಯಾಡ."

ಕೆಲವು ದಿನ ಕಳೆದು, ಬೆಳಿಗ್ಗೆ ಹಾಲು ಕರೆಯುವ ಹೊತ್ತಿಗೆ ಅವನು ಕಾರಿನಲ್ಲಿ ಬಂದ. ಕಿವಿಗೆ ಹೊಲಿಗೆ ಹಾಕಿದ್ದರು. ಜೊತೆಗೆ ಅವನ ಕಾಕಾ. ಕಾಕಾ ಸಮಾಧಾನದ ಮನುಷ್ಯ. "ತಪ್ಪ ಎರಡೂ ಕಡೀಂದ ಆಗೇತ್ರೀ. ಮುಗಿಸೂಣು. ಸೊಸಿನ್ನ ಕಳಸಿ ಕೊಡ್ರಿ."

"ಕುಂದರ್ರಿ," ಎಂದಳು ಅವ್ವ, ಎಮ್ಮೆಯ ಕೆಚ್ಚಲಿನಿಂದ ಕೈ ತೆಗೆಯದೆ.

ಅವನು ಕೂರಲಿಲ್ಲ. ನನ್ನ ಕಡೆ ಬೆರಳು ಮಾಡಿ, ಬಾಗಿಲಲ್ಲಿದ್ದ ಅಕ್ಕನಿಗೆ ಹೇಳಿದ. "ಈಕಿ ಮ್ಯಾಲೆ ಕೇಸ್ ಹಾಕ್ತೀನಿ. ಜೇಲಿಗೆ ಕಳಸ್ತೀನಿ. ನೀ ಈಗ ಬಂದ್ರ ಬಿಡ್ತೀನಿ."

ಅಕ್ಕ ನನ್ನನ್ನು ನೋಡಿದಳು. ಒಳಗೆ ಹೋಗಿ ಚೀಲಕ್ಕೆ ಬಟ್ಟೆ ತುಂಬತೊಡಗಿದಳು. ನಾನು ಹಿಂದೆಯೇ ಹೋಗಿ ಚೀಲ ಕಸಿದುಕೊಂಡೆ. "ಹಾಕಲಿ ಬಿಡ. ನಾ ಹೊಡದೀನಿ, ನಾ ಹೇಳ್ತೀನಿ."

ತಡವಾಯಿತೆಂದು ಅವನು ನೇರ ಒಳಗೆ ನುಗ್ಗಿದ. ಅಕ್ಕನ ಬಲಗೈಯನ್ನೇ, ಬಾಸುಂಡೆ ಇದ್ದಲ್ಲೇ ಹಿಡಿದು ಅಂಗಳಕ್ಕೆ ಎಳೆದ. ಡೇರಿಗೆ ಒಯ್ಯುವ ಸ್ಟೀಲಿನ ಕ್ಯಾನು ಹೊಸ್ತಿಲ ಬದಿಗೆ ತುಂಬಿ ನಿಂತಿತ್ತು. ಅಕ್ಕ ಎಡಗೈಯಲ್ಲಿ ಅದರ ಹಿಡಿ ಹಿಡಿದು ಬೀಸಿದಳು. ಅದು ಅವನ ಬಾಯಿಗೆ ಬಿತ್ತು. ಹಾಲೂ ರಕ್ತವೂ ಕೂಡಿ ಅಂಗಿಯ ಮೇಲೆ ಇಳಿಯಿತು. ಅವನು ಅಂಗಳದಲ್ಲಿ ದನ ಕಟ್ಟುವ ಗೂಟ ಕಿತ್ತು ಮೇಲೆ ಬಂದ. ಅಕ್ಕ ಖಾಲಿ ಕ್ಯಾನು ಎತ್ತಿ ಅವನ ಮೊಣಕಾಲಿಗೆ ಹೊಡೆದಳು, ಬಿದ್ದವನ ಕೈಗೆ ಇನ್ನೊಮ್ಮೆ ಹೊಡೆದಳು. ಗೂಟ ಉರುಳಿ ಹೋಯಿತು. ಆಗ ಅವ್ವ ಮೇವು ಕೊಯ್ಯುವ ಕುಡಗೋಲು ಹಿಡಿದು ಇಬ್ಬರ ನಡುವೆ ಬಂದು ನಿಂತಳು. ದನಿ ಏರಿಸಲಿಲ್ಲ.

"ಇನ್ನೊಮ್ಮಿ ಈ ಅಂಗಳದಾಗ ಕಾಲ ಇಟ್ಟಿ ಅಂದ್ರ ಕಾಲ ಇಲ್ಲೇ ಇರತೈತಿ."

ಕಾಕಾ ಅವನನ್ನು ರಟ್ಟೆ ಹಿಡಿದು ಎಬ್ಬಿಸಿ ಕಾರಿನಲ್ಲಿ ಕೂರಿಸಿದ. ಹೋಗುವಾಗ ಅವ್ವನಿಗೆ ಕೈ ಮುಗಿದ. ಅವ್ವ ಮುಗಿಯಲಿಲ್ಲ.

ಅವನು ಹೇಳಿದಂತೆ ಕೇಸು ಹಾಕಿದ. ಅಕ್ಕ ಕೂಡ ಠಾಣೆಗೆ ಬಂದು ಮಹಿಳಾ ಪೊಲೀಸರ ಮುಂದೆ ತೋಳು, ಬೆನ್ನು ತೋರಿಸಿ ಅವನ ಮೇಲೆ ದೂರು ಕೊಟ್ಟಳು. ನನಗೆ ಜಾಮೀನಾಗಿ ನಿಂತವರು ಅಂಗಡಿಯ ಮಾಲೀಕರು, ಟೋಪಿ ಹಾಕಿಕೊಂಡು ನಮಾಜಿನಿಂದ ನೇರ ಕೋರ್ಟಿಗೆ ಬಂದಿದ್ದರು. "ಬೇಟಿ, ನಾಳಿ ಕೆಲಸಕ್ಕ ಬಾ, ಮನ್ಯಾಗ ಕುಂತ್ರ ತಲಿ ಕೆಡತೈತಿ," ಎಂದಷ್ಟೇ ಹೇಳಿದರು. ಬಹಳ ಸಲ ಓಡಾಡಿದ ಮೇಲೆ ಎರಡೂ ಕಡೆಯವರು ಕೇಸು ಹಿಂದಕ್ಕೆ ತೆಗೆದುಕೊಂಡು, ಮದುವೆಯ ಬಿಡುಗಡೆಗೆ ಒಪ್ಪಿ ಸಹಿ ಹಾಕಿದರು. ಅವನು ಈಗ ಸಾಂಬ್ರಾದ ಕಡೆ ಮನೆ ಮಾಡಿದ್ದಾನೆಂದು ಕೇಳಿದ್ದೇನೆ.

ಒಂದು ಮಾತು ನನ್ನ ಮನಸ್ಸಿನಲ್ಲಿ ಬಹಳ ದಿನ ಉಳಿದಿತ್ತು. ಅವನ ಕಿವಿ ಸೀಳಿದಾಗ ನನಗೆ ಹಿತವಾಗಿತ್ತು. ಹೆದರಿಕೆಯಾಗಲಿ, ಅಯ್ಯೋ ಎನ್ನುವುದಾಗಲಿ ಇರಲಿಲ್ಲ. ಮತ್ತೆ ಮತ್ತೆ ಹೊಡೆಯಬೇಕೆನಿಸಿತ್ತು. ಅಪ್ಪನ ಕೈಯೇ ನನಗೂ ಬಂದಿದೆಯೇನೋ ಎಂದು ಅಂಜಿದ್ದೆ. ಒಂದು ದಿನ ಅಕ್ಕ ರೊಟ್ಟಿ ಬಡಿಯುತ್ತಿರುವಾಗ ಅದನ್ನು ಅವಳಿಗೆ ಹೇಳಿದೆ.

"ನನಗೂ ಹಂಗ ಆತು," ಎಂದಳು. "ಖರೇ ಅಂದ್ರ, ಕ್ಯಾನ್ ಖಾಲಿ ಆದ ಮ್ಯಾಲೆ ಹೊಡದದ್ದು ಇನ್ನೂ ಛಲೋ ಅನಸ್ತು." ಹಿಟ್ಟಿನ ಇನ್ನೊಂದು ಉಂಡೆ ಕೈಗೆ ತೆಗೆದುಕೊಂಡು, "ಆದ್ರ ದಿನಾ ಹಂಗ ಅನಸೂದಿಲ್ಲ ಬಿಡ. ಅವಗ ದಿನಾ ಅನಸ್ತಿತ್ತು," ಎಂದಳು. ಹಂಚಿನ ಮೇಲಿನ ರೊಟ್ಟಿ ಮಗುಚಿ ಹಾಕಿದಳು.

ಈಗ ಅವಳು ಬೆಳಿಗ್ಗೆ ಗುಂಜಿಯಿಂದ ರೈಲು ಹತ್ತಿ ಖಾನಾಪುರಕ್ಕೆ ಹೋಗುತ್ತಾಳೆ. ಅಲ್ಲಿ ಒಂದು ಔಷಧಿ ಅಂಗಡಿಯಲ್ಲಿ ಕೆಲಸ. ಅಂಗಾಲಿನಲ್ಲಿ ಒಂದು ಚೂರು ಗಾಜು ಒಳಗೇ ಉಳಿದಿದೆ, ಮಳೆಗಾಲದಲ್ಲಿ ನೋಯುತ್ತದೆ. ತೆಗೆಸೋಣ ಎಂದರೆ ರಜೆ ಸಿಗುವುದಿಲ್ಲ ಎನ್ನುತ್ತಾಳೆ.