ಕುರಿಯ ಹಗ್ಗ

ಕೆಂಭಾವಿ ಸಂತೆಯಲ್ಲಿ ನಮ್ಮತ್ತೆ ಟಗರು ಮಾರುವುದನ್ನು ನಾನು ಮೊದಲು ನೋಡಿದ್ದು ಮದುವೆಯಾಗಿ ಬಂದ ವರ್ಷ. ವ್ಯಾಪಾರ ಕುದುರಿದ ಮೇಲೆ ಕೊಂಡವನು ತನ್ನ ಹೆಗಲ ಮೇಲಿದ್ದ ಹಗ್ಗ ತೆಗೆದು ಟಗರಿಗೆ ಕಟ್ಟಿದ. ನಮ್ಮತ್ತೆ ತಮ್ಮ ಹಗ್ಗ ಬಿಚ್ಚಿಕೊಂಡು ಸೊಂಟಕ್ಕೆ ಸಿಕ್ಕಿಸಿದರು. ಯಾಕೆ ಎಂದು ಕೇಳಿದೆ.

“ಹಗ್ಗ ಕೊಟ್ರ ಮನಿಯಾಗಿನ ಕುರೀನೂ ಅದರ ಹಿಂದಿಂದ ಹೋಗ್ತಾವ ಯವ್ವಾ,” ಎಂದರು.

ನಾನು ಪಶು ಆಸ್ಪತ್ರೆಯಲ್ಲಿ ಕೆಲಸ ಮಾಡುವವಳು. ಇಂಥ ಮಾತು ಕೇಳಿದರೆ ನನಗೆ ಮೈ ಉರಿಯುತ್ತದೆ. ಆದರೆ ಆಗ ಹೊಸ ಸೊಸೆ, ಸಂತೆಚೀಲ ಹಿಡಿದು ಅವರ ಹಿಂದೆ ನಡೆದೆ.

ಸರ್ಕಾರಿ ಕೆಲಸ ಸಿಗುವ ಮೊದಲು ನಾಲ್ಕು ವರ್ಷ ನಾನು ಹೈದರಾಬಾದಿನ ಹೊರಗೆ, ರೇಸಿನ ಥರೋಬ್ರೆಡ್ ಕುದುರೆಗಳನ್ನು ಬೆಳೆಸುವ ಒಂದು ಫಾರ್ಮಿನಲ್ಲಿದ್ದೆ. ಕುದುರೆಗಳು ಈಯುವಾಗ ಪಕ್ಕದಲ್ಲಿ ಕೂರುವುದು, ಮರಿಗಳ ಜ್ವರ ನೋಡುವುದು ನನ್ನ ಕೆಲಸ. ಮಾಲೀಕರು ತೀರಿಕೊಂಡ ಮೇಲೆ ಫಾರ್ಮ್ ಮುಚ್ಚಿ, ಇದ್ದ ಕುದುರೆಗಳನ್ನೆಲ್ಲ ಒಂದೇ ದಿನ ಹರಾಜಿಗೆ ಇಟ್ಟರು. ನೋಡಿ ಬರೋಣವೆಂದು ರಜೆ ಹಾಕಿ ಹೋದೆ. ಒಂದು ಮುದಿ ಹೆಣ್ಣು ಕುದುರೆ, ಗಬ್ಬದ್ದು, ನನ್ನ ಕೈಯಲ್ಲೇ ಎರಡು ಸಲ ಈದದ್ದು, ರಿಂಗಿನ ನಡುವೆ ಬಂದು ನಿಂತಿತು. ಹರಾಜಿನವನು ಬೆಲೆ ಇಳಿಸಿ ಇಳಿಸಿ ಕೂಗಿದ. ಒಬ್ಬರೂ ಕೇಳಲಿಲ್ಲ. ಕೈ ಎತ್ತಿದವಳು ನಾನು. ಎತ್ತಬೇಕೆಂದು ಮನೆಯಿಂದ ಹೊರಟಿರಲಿಲ್ಲ, ದೇವರಾಣೆ.

ಹೈಸ್ಕೂಲು ಮಾಸ್ತರರಾದ ನಮ್ಮ ಯಜಮಾನರು ಫೋನಿನಲ್ಲಿ, “ಲಾರಿ ಸಿಕ್ತದೇನು ನೋಡು,” ಎಂದರು. ನಮ್ಮತ್ತೆ ಕುದುರೆಯ ಸುತ್ತ ಒಂದು ಸುತ್ತು ಹಾಕಿದರು.

“ಕತ್ತರಸಾಕ ಉಣ್ಣಿ ಇಲ್ಲ, ಹಾಲಿಲ್ಲ, ಹೊಲದಾಗ ಗಳೇಕ್ಕ ಬರಂಗಿಲ್ಲ. ನೋಡಾಕ ಭಾಳ ಚಂದ ಅದ ಬಿಡು.”

ಎರಡು ತಿಂಗಳಿಗೆ ಅದು ಹೆಣ್ಣುಮರಿ ಹಾಕಿತು. ತಳಿಯ ದಾಖಲೆ ಮಾಡಲು ಒಬ್ಬ ಅಧಿಕಾರಿ ಬಂದು, ಮರಿಯ ಹಣೆ, ಕುತ್ತಿಗೆ, ಎದೆಯ ಸುಳಿಗಳನ್ನೆಲ್ಲ ಹುಡುಕಿ ಹುಡುಕಿ ಕಾಗದದ ಮೇಲೆ ಗುರುತು ಹಾಕಿಕೊಂಡರು. ಗುರುತಿಗಾಗಿ ಹಾಗೆ ಮಾಡುತ್ತಾರೆ. ನಮ್ಮತ್ತೆ ಅದನ್ನು ಬಾಗಿಲಲ್ಲಿ ನಿಂತು ನೋಡಿ, “ಭಾಳ ಕಲ್ತಾರ, ಆದ್ರೂ ಸುಳಿ ನೋಡೂದು ಬಿಟ್ಟಿಲ್ಲ,” ಎಂದರು, ಆಮೇಲೆ ಊಟಕ್ಕೆ ಕೂತ ಅವರಿಗೆ ಇನ್ನೊಂದು ರೊಟ್ಟಿ ಹಾಕಿದರು. ಆ ಅಧಿಕಾರಿ ಸುಳಿ ನೋಡಿದ್ದು ಅದೃಷ್ಟಕ್ಕೇ ಎಂದು ಇವತ್ತಿಗೂ ನಮ್ಮತ್ತೆಯ ನಂಬಿಕೆ.

ಮರಿಗೆ ಆರು ತಿಂಗಳಾಗಿದ್ದಾಗ ತಾಯಿ ಹೊಟ್ಟೆಶೂಲೆ ಬಂದು ಒಂದೇ ಹಗಲಿನಲ್ಲಿ ಸತ್ತಿತು. ನನಗೆ ಗೊತ್ತಿದ್ದ ಔಷಧವೆಲ್ಲ ಮಾಡಿದೆ. ಮರಿ ಮೇವು ಬಿಟ್ಟಿತು, ಕೊಟ್ಟಿಗೆಯ ಗೋಡೆಗುಂಟ ಓಡಾಡಿ ಮೊಣಕಾಲು ಕೆತ್ತಿಕೊಂಡಿತು. ಅಂಥ ಮರಿಗೆ ಅದರ ವಯಸ್ಸಿನ ಇನ್ನೊಂದು ಮರಿಯ ಜೊತೆ ಬೇಕು ಎನ್ನುವುದು ನಾನು ಕಲಿತ ಪಾಠ. ಸುರಪುರದಿಂದ ಶಹಾಪುರದವರೆಗೆ ಹುಡುಕಿದರೂ ಅಂಥದು ಎಲ್ಲಿ ಸಿಗಬೇಕು? ಮೂರನೆಯ ದಿನ ಆಸ್ಪತ್ರೆಯಿಂದ ಬಂದು ನೋಡಿದರೆ ಮರಿಯ ಪಕ್ಕದಲ್ಲಿ ಒಂದು ಕರಿ ಕುರಿ ಕಟ್ಟಿದೆ. ಕೊರಳಲ್ಲಿ ಗಂಟೆ. ನಮ್ಮತ್ತೆಯೇ ಬಾಟಲಿ ಹಾಲು ಕುಡಿಸಿ ಸಾಕಿದ ಕುರಿ, ಎರಡು ದಿನದ ಹಿಂದೆ ಅದರ ಮರಿ ಸತ್ತಿತ್ತು.

“ಕುರಿಯಿಂದ ಕುದುರಿಗಿ ಹುಳ ಬರ್ತಾವ್ರಿ ಅತ್ತಿ,” ಎಂದು ರೇಗಿದೆ.

“ಹುಳಕ್ಕ ನಿನ್ನ ಹತ್ತರ ಔಷಧ ಅದ. ಅದರ ಅಳುವಿಗಿ ಅದ ಏನು?”

ಅವತ್ತು ಸಂಜೆ ಮರಿ ಕುರಿಯ ಬುಟ್ಟಿಗೆ ಮೂತಿ ಹಾಕಿ ಮೇವು ತಿಂದಿತು. ನಾನು ಸೋತೆ, ಆದರೆ ಒಪ್ಪಿಕೊಳ್ಳಲಿಲ್ಲ.

ಆ ಮರಿಯನ್ನು ನಾವು ಇಟ್ಟುಕೊಳ್ಳುವ ಹಾಗಿರಲಿಲ್ಲ. ಓಡುವ ರಕ್ತ ಅದು, ಅದಕ್ಕೆ ಬಯಲು ಬೇಕು, ದಿನವೂ ಓಡಿಸುವವರು ಬೇಕು. ನಾನು ಹಿತ್ತಲಲ್ಲಿ ಬೆಳೆದ ನಾಲ್ಕು ಮಡಿ ಕುದುರೆ ಮೆಂತೆ ಮೇವು ಅದರ ಒಂದು ವಾರಕ್ಕೂ ಸಾಲುತ್ತಿರಲಿಲ್ಲ. ಹೈದರಾಬಾದಿನಲ್ಲಿ ವರ್ಷಕ್ಕೊಮ್ಮೆ ನಡೆಯುವ ಮರಿಗಳ ಹರಾಜಿನಲ್ಲಿ ಯಾರಾದರೂ ರೇಸಿನವರು ಕೊಂಡರೆ ಸರಿ. ಇಲ್ಲದಿದ್ದರೆ ಯಾದಗಿರಿಯಲ್ಲಿ ಮದುವೆ ಬರಾತಿಗೆ ಕುದುರೆ ಬಾಡಿಗೆ ಕೊಡುವವನೊಬ್ಬ ಎರಡು ಸಲ ಬಂದು ನೋಡಿಕೊಂಡು ಹೋಗಿದ್ದ. “ಬಿಳೇದ್ ಇದ್ರ ಛಲೋ ಇತ್ರಿ. ಇರ್ಲಿ, ಕೆಂದಕ್ಕೂ ಗಿರಾಕಿ ಅದಾರ,” ಎಂದಿದ್ದ. ಹರಾಜಿನಲ್ಲಿ ಯಾರೂ ಕೇಳದಿದ್ದರೆ ನಿನಗೇ ಎಂದು ಯಜಮಾನರು ಮಾತು ಕೊಟ್ಟುಬಿಟ್ಟಿದ್ದರು. ಅವನು ಕೆಟ್ಟವನಲ್ಲ, ಅವನ ಕುದುರೆಗಳ ಹೊಟ್ಟೆ ತುಂಬಿರುತ್ತಿತ್ತು. ಆದರೆ ಅಡುಗೆಮನೆಯಲ್ಲಿ ಕುಕ್ಕರ್ ಸೀಟಿ ಹಾಕಿದರೆ ನಮ್ಮ ಮರಿ ಗೂಟ ಕಿತ್ತುಕೊಳ್ಳುತ್ತಿತ್ತು. ಅದು ಡಿಜೆ ಮುಂದೆ, ಪಟಾಕಿ ಸರದ ನಡುವೆ ಏನಾದೀತು? ಅಲ್ಲಿಗೆ ಮಾತ್ರ ಹೋಗಬಾರದು, ಅಷ್ಟೇ ನನಗೆ ಬೇಕಿದ್ದದ್ದು.

ಹರಾಜಿನಲ್ಲಿ ಕೊಳ್ಳುವವರು ಮೊದಲು ನೋಡುವುದು ನಡಿಗೆ. ಕುತ್ತಿಗೆ ಚಾಚಿ, ಹಿಂಗಾಲು ಮುಂಗಾಲಿನ ಹೆಜ್ಜೆ ದಾಟಿ ಬೀಳುವ ಹಾಗೆ ಮರಿ ನಡೆಯಬೇಕು. ಬೆಳಗ್ಗೆ ಕೆನಾಲ್ ದಾರಿಯಲ್ಲಿ ಅಭ್ಯಾಸಕ್ಕೆ ತೊಡಗಿದೆ. ಕುರಿ ಮುಂದಿದ್ದರೆ ನಮ್ಮ ಮರಿಯ ನಡಿಗೆ ನೋಡಲು ಎರಡು ಕಣ್ಣು ಸಾಲದು. ಕುರಿ ಇಲ್ಲದಿದ್ದರೆ ನಾಲ್ಕೂ ಕಾಲು ನೆಲಕ್ಕೆ ಊರಿ ನಿಂತುಬಿಡುತ್ತಿತ್ತು. ಬೆಲ್ಲ ಕೊಟ್ಟೆ, ಬೈದೆ, ಕೈಮುಗಿದೆ.

“ಕುರೀನೂ ಕರ್ಕೊಂಡು ಹೋಗೂಣಲ್ಲ,” ಎಂದರು ನಮ್ಮತ್ತೆ.

“ಅಲ್ಲಿ ಎಂತೆಂಥ ಮಂದಿ ಬರ್ತಾರ ಗೊತ್ತದೇನ್ರಿ? ನಗ್ತಾರ.”

“ನಗ್ಲಿ ತಗೋ. ನಕ್ರ ಅವರ ಹಲ್ಲು ಕಾಣ್ತಾವ, ನಮ್ದೇನು ಹೋಗ್ತದ?”

ಲಾರಿ ಬಂದ ದಿನ ಮರಿ ಹಲಗೆ ಹತ್ತಲಿಲ್ಲ. ನಮ್ಮತ್ತೆ ಕುರಿಯನ್ನು ಹತ್ತಿಸಿದರು, ಮರಿ ಅದರ ಹಿಂದೆ ಹತ್ತಿತು, ಕೊನೆಗೆ ನಮ್ಮತ್ತೆಯೂ ಹತ್ತಿ ಕುಳಿತರು. ಯಾದಗಿರಿ, ಗುರುಮಠಕಲ್ ದಾಟುವವರೆಗೂ ನಾನು ಅವರೊಂದಿಗೆ ಮಾತಾಡಲಿಲ್ಲ.

ಹರಾಜಿನ ಅಂಗಳದಲ್ಲಿ ನಾನು ಹೇಳಿದ ಹಾಗೆಯೇ ಆಯಿತು. ಇಸ್ತ್ರಿ ಮಾಡಿದ ಅಂಗಿಯವರು, ಕರಿ ಕನ್ನಡಕದವರು ನಮ್ಮ ಲಾಯದ ಮುಂದೆ ನಿಂತು ಕುರಿಯನ್ನು ನೋಡಿ ನಕ್ಕರು, ಫೋಟೋ ತೆಗೆದರು. ನಮ್ಮತ್ತೆ ಸೆರಗು ಸರಿ ಮಾಡಿಕೊಂಡು ಕುರಿಯ ಪಕ್ಕ ನಿಂತು ಫೋಟೋಕ್ಕೆ ಮುಖ ಕೊಟ್ಟರು. ನನಗೆ ಭೂಮಿ ಬಾಯಿ ಬಿಡಬಾರದೇ ಎನಿಸಿತು. ಇವರು ನಮ್ಮತ್ತೆ ಎಂದು ಯಾರಿಗೂ ಹೇಳಲಿಲ್ಲ. ಈಗ ನೆನೆದರೆ ನಾಚಿಕೆಯಾಗುತ್ತದೆ.

ನಮ್ಮ ಸರದಿ ಬಂದಾಗ ರಿಂಗಿನ ಬಾಗಿಲಿನವನು ಕುರಿಯನ್ನು ತಡೆದ. ಒಳಗೊಳಗೇ ಅವನಿಗೆ ಕೈಮುಗಿದು ಮರಿಯನ್ನು ಹಿಡಿದು ಒಳಗೆ ಹೋದೆ. ಹತ್ತು ಹೆಜ್ಜೆಗೆ ಮರಿ ನಿಂತಿತು. ಜಗ್ಗಿದೆ, ಅಲುಗಲಿಲ್ಲ. ಮೇಲೆ ಕುರ್ಚಿಗಳಲ್ಲಿ ಕುಳಿತವರು ಹಾಳೆ ಮಗುಚಿ ಮುಂದಿನ ಕುದುರೆಯ ವಿವರ ಓದತೊಡಗಿದರು. ಹರಾಜಿನವನು ಬೆಲೆ ಇಳಿಸಿದ. ಇನ್ನೊಂದು ಸಲ ಇಳಿಸಿದ. ಯಾದಗಿರಿಯ ಬ್ಯಾಂಡು ನನ್ನ ಕಿವಿಯಲ್ಲಿ ಆಗಲೇ ಬಾರಿಸುತ್ತಿತ್ತು.

ಆಗ ಗಂಟೆಯ ಸದ್ದು ಕೇಳಿತು. ರಿಂಗಿನ ಸುತ್ತ ಎದೆಯೆತ್ತರದ ಹಲಗೆ ಗೋಡೆ. ಗೋಡೆಯ ಆಚೆ ನಮ್ಮತ್ತೆಯ ಸೆರಗು ಹೊದ್ದ ತಲೆ ಮಾತ್ರ ಕಾಣುತ್ತಿತ್ತು. ಅದು ಬಿರಬಿರನೆ ಮುಂದೆ ಸರಿಯುತ್ತಿತ್ತು, ಜೊತೆಗೆ ಗಂಟೆಯೂ. ಮರಿಯ ಕಿವಿ ನಿಮಿರಿದವು. ಕುತ್ತಿಗೆ ಚಾಚಿ ಹೊರಟಿತು ನೋಡಿ, ಅಂಥ ನಡಿಗೆಯನ್ನು ಆ ಫಾರ್ಮಿನಲ್ಲಿದ್ದ ನಾಲ್ಕು ವರ್ಷದಲ್ಲೂ ನಾನು ಕಂಡಿರಲಿಲ್ಲ. ಹಗ್ಗ ಹಿಡಿದು ನಾನು ಹಿಂದೆ ಓಡಬೇಕಾಯಿತು. ನಮ್ಮತ್ತೆ ಹೊರಗೆ ಸುತ್ತು ಹಾಕಿದಷ್ಟೂ ನಾವು ಒಳಗೆ ಸುತ್ತು ಹಾಕಿದೆವು. ಮಗುಚಿದ ಹಾಳೆಗಳು ಹಿಂದೆ ತಿರುಗಿದವು. ಒಂದು ಕೈ ಎದ್ದಿತು, ಇನ್ನೊಂದು ಎದ್ದಿತು, ಕೊನೆಗೆ ಮೈಸೂರು ಕಡೆಯ ಒಬ್ಬ ಹಿರಿಯ ತರಬೇತುದಾರರ ಹೆಸರಿಗೆ ಸುತ್ತಿಗೆ ಬಿತ್ತು.

ನಾನು ಮರಿಯೊಂದಿಗೆ ಹೊರಗೆ ಬರುತ್ತಲೇ ನಮ್ಮತ್ತೆ ನನ್ನ ಕೈಯಿಂದ ಹಗ್ಗ ತೆಗೆದುಕೊಂಡು, ಮರಿಯ ಮುಖದ ಪಟ್ಟಿಯಿಂದ ಅದನ್ನು ಬಿಚ್ಚಿ ಸೊಂಟಕ್ಕೆ ಸಿಕ್ಕಿಸಿದರು. ಮಾರಿದ ಪ್ರಾಣಿ ಅಲ್ಲವೇ! ಕೊಂಡವರು ತಮ್ಮ ಹಗ್ಗ ತರುತ್ತಾರೆ ಎಂಬುದು ಅವರ ಲೆಕ್ಕ. ಅಲ್ಲಿ ಯಾರ ಹೆಗಲ ಮೇಲೂ ಹಗ್ಗವಿರಲಿಲ್ಲ. “ಕುದುರೆ ಬಿಚ್ಚಿಕೊಂಡಿದೆ” ಎಂದು ನಾಲ್ಕೂ ಕಡೆಯಿಂದ ಕೂಗಿದರು, ಗೇಟು ಮುಚ್ಚಲು ಓಡಿದರು. ಮರಿ ಎಲ್ಲಿಗೂ ಹೋಗಲಿಲ್ಲ. ಕುರಿಯ ಬೆನ್ನ ಮೇಲೆ ಗದ್ದ ಇಟ್ಟು ಕಣ್ಣು ಅರ್ಧ ಮುಚ್ಚಿ ನಿಂತುಕೊಂಡಿತು.

ಕೊಂಡ ಹಿರಿಯರು ಬಂದು ಮರಿಯನ್ನು ನೋಡಿದರು, ಕುರಿಯ ಗಂಟೆಯನ್ನು ನೋಡಿದರು. ಮೋಸವೆಂದು ವ್ಯಾಪಾರ ಮುರಿಯುತ್ತಾರೆ ಎಂದುಕೊಂಡು ನಾನೇ ಎಲ್ಲವನ್ನೂ ಹೇಳಿಬಿಟ್ಟೆ.

“ನಡಿಗೆ ಕುದುರೆದು ತಾನೇ, ಕುರಿದಲ್ಲವಲ್ಲ,” ಎಂದು ನಕ್ಕರು. ಆಮೇಲೆ ನಮ್ಮತ್ತೆಯ ಕಡೆ ತಿರುಗಿ, “ಅಮ್ಮಾ, ಈ ಕುರೀನೂ ಕೊಟ್ಟುಬಿಡಿ. ನೀವು ಹೇಳಿದ್ದೇ ಬೆಲೆ,” ಎಂದರು.

“ಕುರಿ ಮಾರಾಕ ತಂದಿಲ್ರಿ,” ಎಂದರು ನಮ್ಮತ್ತೆ. ಅಷ್ಟೇ.

ಅವರ ಲಾರಿ ಬಂತು. ಮರಿ ಹತ್ತಲಿಲ್ಲ. ನಾಲ್ಕು ಜನ ಹಿಂದಿನಿಂದ ನೂಕಿದರು. ತಾಯಿ ಸತ್ತ ದಿನ ಕೂಗಿದ ಹಾಗೆಯೇ ಕೂಗತೊಡಗಿತು. ನಮ್ಮತ್ತೆ ದೂರದಲ್ಲಿ ಕುರಿಯ ಹಗ್ಗ ಹಿಡಿದು ಬೇರೆ ಕಡೆ ಮುಖ ಮಾಡಿ ನಿಂತಿದ್ದರು. ಕೊಡಿ ಎನ್ನಲು ನನಗೆ ಯಾವ ಬಾಯಿ? ಸ್ವಲ್ಪ ಹೊತ್ತಾದ ಮೇಲೆ ಅವರೇ ಬಂದು ಕುರಿಯನ್ನು ಹಲಗೆಯ ಮೇಲೆ ನಡೆಸಿಕೊಂಡು ಹೋದರು. ಮರಿ ಹಿಂದೆಯೇ ಹತ್ತಿತು. ಕುರಿಯ ಕೊರಳಿನ ಹಗ್ಗ ಬಿಚ್ಚಿಕೊಂಡರು, ಗಂಟೆ ಬಿಟ್ಟರು. ಹಿರಿಯರು ಜೇಬಿಗೆ ಕೈ ಹಾಕಿದಾಗ ತಡೆದರು.

“ರೊಕ್ಕ ಬ್ಯಾಡ್ರಿ. ಹೊಸ ಮನಿಗಿ ಹೋಗೂ ಹುಡುಗಿ ಜೋಡಿ ಒಬ್ಬಾಕಿ ಹೋಗ್ತಾಳಲ್ಲ, ಹಂಗ ಕಳಸೀನಿ.”

ನನ್ನ ಮದುವೆಯಲ್ಲಿ ನನ್ನ ಜೋಡಿ ಯಾರೂ ಬಂದಿರಲಿಲ್ಲ, ನನಗೆ ತಾಯಿ ಇರಲಿಲ್ಲ. ಮೊದಲ ಎಂಟು ದಿನ ನಮ್ಮತ್ತೆಯೇ ನನ್ನ ಬಳಿ ಹಾಸಿಕೊಂಡು ಮಲಗಿದ್ದರು. ಅದನ್ನು ನಾನು ಮರೆತೇ ಬಿಟ್ಟಿದ್ದೆ.

ವಾಪಸು ಬರುವಾಗ ಗುರುಮಠಕಲ್‌ನಲ್ಲಿ ಲಾರಿ ನಿಂತಿತು. “ತಪ್ಪಾತ್ರಿ ಅತ್ತಿ,” ಎಂದೆ.

“ಏನ್ ತಪ್ಪು? ಚಹಾ ಕುಡಿಸು ಮೊದ್ಲ,” ಎಂದರು.

ಹಿರಿಯರು ಆಗಾಗ ಫೋನ್ ಮಾಡುತ್ತಾರೆ. ಮರಿ ಈಗ ಓಡುತ್ತಿದೆ, ಕುರಿ ಅದರ ಲಾಯದಲ್ಲೇ ಇದೆ. ನಮ್ಮತ್ತೆ ಕುದುರೆಯ ಓಟದ ಸುದ್ದಿಯನ್ನು ಅರ್ಧಕ್ಕೇ ತಡೆದು ಕುರಿಗೆ ಏನು ಹಾಕುತ್ತಾರೆ ಎಂದು ಕೇಳುತ್ತಾರೆ. ಕುದುರೆಯ ಹಗ್ಗ ಗಟ್ಟಿಯಾಗಿತ್ತೆಂದು ಅದನ್ನು ಮರುವಾರವೇ ಎಮ್ಮೆಗೆ ಹಾಕಿದರು. ಮನೆಯಲ್ಲಿ ನಲವತ್ತು ಕುರಿಗಳಿವೆ. ಆ ಕುರಿಯ ಹಗ್ಗ ಮಾತ್ರ ಯಾವುದಕ್ಕೂ ಕಟ್ಟದೆ ಇನ್ನೂ ಗೂಟದಲ್ಲೇ ಇದೆ.